ಎಕೋಲೇಲಿಯಾಗೆ ‘ಗಿಳಿಪಾಠ’ ಬೇಡ, ಮತ್ತೇನು?

ಎಲ್ಲರಿಗೂ ನಮಸ್ಕಾರ.

ನಾನು ಸ್ಪೀಚ್ ಥೆರಪಿಸ್ಟ್. ಎರಡರಿಂದ ಐದು ವರ್ಷದ, ಆಟಿಸಂ ಇರುವ ಮಕ್ಕಳ ಜೊತೆ ನನ್ನ ಕೆಲಸ. ತಂಡದಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಆಕ್ಯುಪೇಷನಲ್ ಥೆರಪಿಸ್ಟ್, ವಿಶೇಷ ಶಿಕ್ಷಕಿ ಇದ್ದಾರೆ. ಐದೂ ಜನ ಬರೆದದ್ದನ್ನು ಸೇರಿಸಿ, ಅಪ್ಪ ಅಮ್ಮನಿಗೆ ಕನ್ನಡದಲ್ಲೇ ಒಂದು ವರದಿ ಕೊಡುತ್ತೇವೆ. ಅದರಲ್ಲಿ ಒಂದು ಪದ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ. ಎಕೋಲೇಲಿಯಾ. ಅದನ್ನು ಕನ್ನಡದಲ್ಲಿ ‘ಗಿಳಿಪಾಠ’ ಅನ್ನಲು ನನಗೆ ಮನಸ್ಸಿಲ್ಲ, ಬೇರೆ ಪದ ಹುಡುಕುತ್ತಿದ್ದೇನೆ.

ಗ್ರೀಕಿನಲ್ಲಿ ‘ಎಕೋ’ ಅಂದರೆ ಮಾರ್ದನಿ, ‘ಲಾಲಿಯಾ’ ಅಂದರೆ ಮಾತು. ಬೇರೆಯವರು ಆಡಿದ್ದನ್ನು ಮಗು ಹಾಗೇ ತಿರುಗಿ ಆಡುವುದು. “ಚೆಂಡು ಬೇಕಾ?” ಅಂತ ಕೇಳಿದರೆ “ಚೆಂಡು ಬೇಕಾ?” ಅನ್ನುತ್ತದೆ. ಕೈ ಮಾತ್ರ ಚೆಂಡಿನ ಕಡೆಗೇ ಇರುತ್ತದೆ.

ಕನ್ನಡದಲ್ಲಿ ಇದು ತುಂಬಾ ಚೆನ್ನಾಗಿ ಕಾಣುತ್ತದೆ. ಪ್ರಶ್ನೆಯ ಕೊನೆಯ ‘ಆ’ ಮಗುವಿನ ಬಾಯಲ್ಲಿ ಬಿದ್ದುಹೋಗದೆ ಉಳಿಯುತ್ತದೆ. “ಎತ್ಕೊಳ್ಳಲಾ?” ಅಂತ ಎರಡೂ ಕೈ ಚಾಚಿಕೊಂಡು ಬರುವ ಮಗುವನ್ನು ನೆನೆಸಿಕೊಳ್ಳಿ. ಅಮ್ಮ ಎತ್ತಿಕೊಳ್ಳುವ ಮುಂಚೆ ದಿನವೂ ಆಡುವ ಮಾತು ಅದು. ಮಗುವಿಗೆ ಅದರಲ್ಲಿ ಪ್ರಶ್ನೆ ಇಲ್ಲ, ‘ನಾನು’ ‘ನೀನು’ ಇಲ್ಲ. ನನ್ನನ್ನು ಎತ್ತಿಕೋ ಅನ್ನುವುದಷ್ಟೇ ಇದೆ. ಅದನ್ನು ಕೇಳಿಸಿಕೊಂಡವರು ಸುಮ್ನೆ ತಿದ್ದಲು ಹೋಗುವುದಿಲ್ಲ. ಮೊದಲು ಎತ್ತಿಕೊಳ್ಳುತ್ತಾರೆ. ಆಮೇಲೆ ಮಗುವಿನ ಪರವಾಗಿ “ಎತ್ಕೋ” ಅಂತ ಹೇಳಿಕೊಡುತ್ತಾರೆ.

ಇಲ್ಲೇ ‘ಗಿಳಿಪಾಠ’ ನನಗೆ ನೋವು ಕೊಡುವುದು. ಆ ಪದದಲ್ಲಿ ‘ಅರ್ಥವಿಲ್ಲದೆ ಒಪ್ಪಿಸುವುದು’ ಅನ್ನುವ ತೀರ್ಪು ಕೂತಿದೆ. ಮಗುವಿನ ಮಾತು ಹಾಗಲ್ಲ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದಾಗಲೇ ಇದು ಗೊತ್ತಾಗಿತ್ತು. ಅವರಲ್ಲೊಬ್ಬ ಹುಡುಗ, ನಾಯಿಯನ್ನು ಬಾಲ್ಕನಿಯಿಂದ ಎಸೀಬೇಡ ಅನ್ನುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವರ್ಷಗಳ ಹಿಂದೆ ಅವನು ಆಟಿಕೆ ನಾಯಿಯನ್ನು ಬಾಲ್ಕನಿಯಿಂದ ಎಸೆಯುತ್ತಿದ್ದಾಗ ಅಮ್ಮ ಹೇಳಿದ ಮಾತದು. ಏನಾದರೂ ಎಸೆಯಬೇಕು ಅನಿಸಿದಾಗಲೆಲ್ಲ ಅದೇ ಮಾತಿನಿಂದ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದ. 1981ರಲ್ಲಿ ಪ್ರಿಜಾಂಟ್ ಮತ್ತು ಡುಕನ್ ಎಂಬ ಸಂಶೋಧಕರು, ಕೇಳಿದ ಕೂಡಲೇ ತಿರುಗಿ ಆಡುವ ಮಾತಿಗೂ ಉದ್ದೇಶಗಳಿರುತ್ತವೆ ಅಂತ ತೋರಿಸಿದರು. ಹೌದು ಅನ್ನಲು, ಬೇಕು ಅನ್ನಲು, ಮಾತಿನ ಸರದಿ ತುಂಬಲು ಮಕ್ಕಳು ಅದನ್ನು ಬಳಸುತ್ತಾರೆ.

ಹಾಗಾದರೆ ಯಾವ ಪದ? ‘ಪ್ರತಿಧ್ವನಿ’ ಬೆಟ್ಟಕ್ಕೆ, ಗೋಡೆಗೆ ಸರಿ. ಗೋಡೆಗೆ ಏನೂ ಬೇಕಾಗಿರುವುದಿಲ್ಲ, ಅಲ್ವಾ? ‘ದ್ವಿರುಕ್ತಿ’ಗೆ ವ್ಯಾಕರಣದಲ್ಲಿ ಬೇರೆ ಕೆಲಸವಿದೆ. ‘ಮರುಮಾತು’ ಅಂದರೆ ಎದುರು ಹೇಳುವುದು ಅನಿಸುತ್ತದೆ, ‘ಮರುಮಾತಿಲ್ಲದೆ ಒಪ್ಪಿದ’ ಅನ್ನುತ್ತೇವಲ್ಲ.

ಮನೆಯವರು ಹೇಳುವುದು ‘ಹೇಳಿದ್ದನ್ನೇ ಹೇಳ್ತಾನೆ’ ಅಂತ. ತುಂಬಾ ಸಹಜವಾದ ಮಾತು. ಆದರೆ ಯಾರು ಹೇಳಿದ್ದು? ನಾವೋ, ಅವನೋ? ಒಮ್ಮೆ ನಮ್ಮ ವರದಿಯಲ್ಲಿ ಇದೇ ಮಾತು ಹೋಯಿತು. ತಂಡದಲ್ಲೇ ಇಬ್ಬರು ಎರಡು ರೀತಿ ಓದಿದರು. ಒಬ್ಬರಿಗೆ ಬೇರೆಯವರ ಮಾತನ್ನು ತಿರುಗಿ ಆಡುವುದು, ಇನ್ನೊಬ್ಬರಿಗೆ ತನ್ನ ಮಾತನ್ನೇ ಮತ್ತೆ ಮತ್ತೆ ಆಡುವುದು. ಎರಡೂ ಬೇರೆ ಬೇರೆ ವಿಷಯ. ಮನೆಯಲ್ಲಿ ಏನು ಮಾಡಬೇಕು ಅನ್ನುವ ಸಲಹೆಯೂ ಬದಲಾಗುತ್ತದೆ.

ನನ್ನ ಮನಸ್ಸು ‘ಮರುನುಡಿ’ ಕಡೆಗಿದೆ. ಅದರಲ್ಲಿ ಬೈಗುಳವಿಲ್ಲ, ‘ನುಡಿ’ ಇದೆ. ಹಳಗನ್ನಡದ ‘ಮಾರ್ನುಡಿ’ಗೆ ಉತ್ತರ ಅನ್ನುವ ಅರ್ಥವಿದೆ. ಅದು ಅಡ್ಡಿಯಾಗುತ್ತದೋ, ಇಲ್ಲಾ ಒಳ್ಳೆಯದೇ ಆಗುತ್ತದೋ? ಮಗು ಎಷ್ಟೋ ಸಲ ಉತ್ತರವನ್ನೇ ಕೊಡುತ್ತಿರುತ್ತದೆ.

ಇನ್ನೊಂದು ತೊಡಕು. ಕೂಡಲೇ ಆಡಿದರೆ ‘ಕೂಡಲೆ ಮರುನುಡಿ’ ಅನ್ನಬಹುದು. ಬಾಲ್ಕನಿಯ ಮಾತಾಡುತ್ತಿದ್ದ ಆ ಹುಡುಗನ ಹಾಗೆ ದಿನಗಳು, ವರ್ಷಗಳು ಕಳೆದ ಮೇಲೆ ಆಡಿದರೆ? ‘ತಡವಾದ ಮರುನುಡಿ’ ಬರೆಯಲು ನನಗೆ ಕೈ ಬರುವುದಿಲ್ಲ. ‘ಮಾತು ತಡ’ ಅನ್ನುವುದನ್ನು ಈ ಅಪ್ಪ ಅಮ್ಮ ಆಗಲೇ ಜಾಸ್ತಿ ಕೇಳಿರುತ್ತಾರೆ. ‘ನೆನಪಿನ ಮರುನುಡಿ’ ಅಂದರೆ ಹೇಗಿರುತ್ತದೆ?

ಮಗು ಹೀಗೆ ಮಾತನ್ನು ತಿರುಗಿ ಆಡಿದಾಗ ನಿಮ್ಮ ಮನೆಗಳಲ್ಲಿ, ನಿಮ್ಮ ಕಡೆಯ ಆಡುಮಾತಿನಲ್ಲಿ ಏನನ್ನುತ್ತಾರೆ? ಅಜ್ಜಿಯರು ಬಳಸುವ ಪದವಿದ್ದರೆ ದಯವಿಟ್ಟು ಅದನ್ನೇ ಮೊದಲು ಬರೆಯಿರಿ.