ಮುಟ್ಟುನೋವಿನ ಸಂಶೋಧನೆಗೆ ಸರ್ಕಾರ ಎಷ್ಟು ದುಡ್ಡು ಕೊಡುತ್ತದೆ? ಯಾರನ್ನು ಕೇಳಬೇಕು?

ಪಾಂಡವಪುರದ ಟೀಚರ್:
ನಾನು ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 34. ಹದಿನೈದನೇ ವಯಸ್ಸಿನಿಂದ ಪ್ರತಿ ತಿಂಗಳೂ ಎರಡು ದಿನ ಮೇಲೇಳಲಾಗದ ನೋವು. ಸ್ಟಾಫ್ ರೂಮಿನ ಬೀರು ಹಿಂದೆ ನನ್ನ ಬಿಸಿನೀರಿನ ಚೀಲ ಇದೆ. ಹೆಡ್‌ಮಾಸ್ಟರಿಗೂ ಗೊತ್ತು, ಪಾಪ, ಏನೂ ಕೇಳುವುದಿಲ್ಲ. ಮೊದಲು ನೋಡಿದ ಡಾಕ್ಟ್ರು "ಮದುವೆ ಆದ್ರೆ ಸರಿಹೋಗುತ್ತೆ" ಅಂದರು. ಮದುವೆ ಆಯಿತು. ಇನ್ನೊಬ್ಬರು "ಒಂದು ಮಗು ಆಗ್ಲಿ ಬಿಡಮ್ಮ" ಅಂದರು. ಮಗಳು ಈಗ ಮೂರನೇ ಕ್ಲಾಸು, ನೋವು ಹಾಗೇ ಇದೆ. ಹೋದ ವರ್ಷ ಮೈಸೂರಿನಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ನೋಡಿದರು. ಎಂಡೋಮೆಟ್ರಿಯೋಸಿಸ್ ಅಂತೆ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗಡೆ ಎಲ್ಲೆಲ್ಲೋ ಬೆಳೆಯುವುದು. ಆ ಹೆಸರು ಸಿಗುವುದಕ್ಕೆ ಹದಿನೆಂಟು ವರ್ಷ ಹಿಡಿಯಿತು.

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲವಂತೆ. ಯಾಕೆ ಅಂದೆ. "ಇದರ ಮೇಲೆ ಸಂಶೋಧನೆ ಕಮ್ಮಿ ಕಣಮ್ಮ, ದುಡ್ಡು ಹಾಕೋರಿಲ್ಲ" ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 10 ಜನಕ್ಕೆ ಇದಿದೆ. ಲೋಕದಲ್ಲಿ 19 ಕೋಟಿ ಹೆಂಗಸರು! ನಮ್ಮ ತೆರಿಗೆ ದುಡ್ಡಲ್ಲಿ ಇದಕ್ಕೆ ಎಷ್ಟು ಹೋಗುತ್ತದೆ ಅಂತ ತಿಳಿಯುವುದು ಹೇಗೆ?

ಒಂಟಿಕೊಪ್ಪಲಿನ ಹಳಬ:
ನನ್ನ ತಂಗಿ 1998ರಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹೆತ್ತಳು, ಅದೇ ಹೋಲ್ಡ್ಸ್‌ವರ್ತ್. ಏಳು ತಿಂಗಳಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು ಅಂತ ನಮ್ಮಮ್ಮ ಮನೆಯಲ್ಲಿ ರಂಪ ಮಾಡಿದ್ದರು. ಅದು ಪಾರ್ಥೆನಾನ್ ಅಧ್ಯಯನ, 830 ಬಸುರಿಯರು ಸೇರಿದ್ದರು. ನೂರಕ್ಕೆ 6 ಜನಕ್ಕೆ ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆ, ನೂರಕ್ಕೆ 43 ಜನಕ್ಕೆ ಬಿ12 ವಿಟಮಿನ್ ಕಮ್ಮಿ. ದುಡ್ಡು ಕೊಟ್ಟಿದ್ದು ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್, ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್, ಅಲ್ಲಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್. ನಮ್ಮೂರ ರಕ್ತ, ಅವರೂರ ದುಡ್ಡು. ಕೆಲಸ ಚೆನ್ನಾಗೇ ಆಯಿತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ನೋಡಿ. ಬಸುರಿ ಅಂದರೆ ನಾಲ್ಕು ಜನ ವಿಚಾರಿಸುತ್ತಾರೆ. ತಂಗಿಗೆ ಈಗ ಮುಟ್ಟು ನಿಂತಿದೆ, ರಾತ್ರಿಯೆಲ್ಲ ಬೆವರಿ ಎದ್ದು ಕೂರುತ್ತಾಳೆ. ಅದನ್ನು ಕೇಳೋರೇ ಇಲ್ಲ.

ನಾಗಮಂಗಲ ರೋಡ್:
ನಮ್ಮೂರ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ನೇ ಇಲ್ಲ ಮೇಡಂ. ಮೊದಲು ಅದಕ್ಕೆ ದುಡ್ಡು ಹಾಕಲಿ. ಸಂಶೋಧನೆ ಗಿಂಶೋಧನೆ ಎಲ್ಲ ಆಮೇಲೆ.

ಪಾಂಡವಪುರದ ಟೀಚರ್:
ನನಗೆ ಮೂರು ಸಲ ಸ್ಕ್ಯಾನಿಂಗ್ ಆಗಿತ್ತು ಸಾರ್. ಮೂರು ಸಲವೂ ನಾರ್ಮಲ್ ಅಂತ ಬಂತು. ಕೆಲವು ಗಾಯ ಸ್ಕ್ಯಾನಿಂಗಲ್ಲಿ ಕಾಣುವುದೇ ಇಲ್ಲವಂತೆ. ಕಾಣುವಂಥ ಟೆಸ್ಟ್ ಕಂಡುಹಿಡಿಯುವುದೇ ಸಂಶೋಧನೆ, ಅಲ್ವಾ?

ಮಂಡ್ಯದ ವಕೀಲೆ:
ಸುಮ್ನೆ ಬಜೆಟ್ ಪುಸ್ತಕ ತಿರುವಬೇಡಿ. 2005-06ರಿಂದ ಕೇಂದ್ರ ಬಜೆಟ್ ಜೊತೆ ಹೆಂಗಸರಿಗೆ ಎಷ್ಟು ಹಣ ಅಂತ ತೋರಿಸುವ ಜೆಂಡರ್ ಬಜೆಟ್ ಪಟ್ಟಿ ಬರುತ್ತದೆ, ಆದರೆ ಅದರಲ್ಲಿರುವುದು ಇಲಾಖೆ, ಯೋಜನೆಗಳ ಲೆಕ್ಕ. ಕಾಯಿಲೆವಾರು ಲೆಕ್ಕ ಅಲ್ಲ. ದೆಹಲಿಯ ಐಸಿಎಂಆರ್‌ಗೆ, ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಗೆ, ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು. ಕಾಯ್ದೆಯ 6(1)ರ ಪ್ರಕಾರ ಅರ್ಜಿ ಹಾಕುವ ಊರಿನ ಆಡಳಿತ ಭಾಷೆಯಲ್ಲೇ ಬರೆಯಬಹುದು, ಅಂದರೆ ಕನ್ನಡದಲ್ಲಿ.

"ಮಹಿಳಾ ಆರೋಗ್ಯಕ್ಕೆ ಎಷ್ಟು" ಅಂತ ಮಾತ್ರ ಕೇಳಬೇಡಿ. ಹೆರಿಗೆ, ಆಪರೇಷನ್ನು, ಕಾಪರ್ ಟಿ ಎಲ್ಲ ಒಂದೇ ಮೂಟೆಗೆ ತುಂಬಿ ಕೊಡುತ್ತಾರೆ. ಎಂಡೋಮೆಟ್ರಿಯೋಸಿಸ್, ಮುಟ್ಟು ನಿಲ್ಲುವ ಕಾಲ, ಬೇರೆ ಬೇರೆ ಬರೆದು, ಐದು ವರ್ಷದ ಪ್ರಾಜೆಕ್ಟುಗಳು, ಮಂಜೂರಾದ ಹಣ, ಖರ್ಚಾದ ಹಣ ಕೇಳಿ. ಐಸಿಎಂಆರ್‌ನದೇ ಮುಂಬೈ ಸಂಸ್ಥೆ ಎನ್‌ಐಆರ್‌ಆರ್‌ಸಿಎಚ್ ಈ ಕಾಯಿಲೆಯ ಮೇಲೆ ದೇಶದ ಹಲವು ಕಡೆ ಅಧ್ಯಯನ ನಡೆಸಿದೆ. ಅದರ ಹೆಸರೂ ಹಾಕಿ. ಉತ್ತರ ಬಂದ ಮೇಲೆ ನಮ್ಮ ಎಂಪಿ ಕೈಗೆ ಒಂದು ಪ್ರತಿ ಕೊಡೋಣ, ಲೋಕಸಭೆಯಲ್ಲಿ ಪ್ರಶ್ನೆ ಹಾಕಲಿ.

ಹಟ ಹಿಡಿದರೆ ಆಗುತ್ತದೆ. ಅಮೆರಿಕದಲ್ಲಿ 1977ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಇಲಾಖೆಯವರು, ಬಸುರಿ ಆಗಬಲ್ಲ ಹೆಂಗಸರನ್ನು ಔಷಧಿಯ ಮೊದಮೊದಲ ಪರೀಕ್ಷೆಗಳಿಂದ ಹೊರಗಿಡಿ ಅಂದಿದ್ದರು. 1993ರಲ್ಲಿ ಕಾಯ್ದೆ ಬಂತು: ಸರ್ಕಾರದ ದುಡ್ಡು ಬೇಕಾದರೆ ಹೆಂಗಸರನ್ನೂ ಸೇರಿಸಿ. ಜೋಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಹೆಂಗಸರಿಗೆ 10 ಮಿಲಿಗ್ರಾಂ ಜಾಸ್ತಿ, 5 ಸಾಕು ಅಂತ ಹೇಳಿದ್ದು 2013ರಲ್ಲಿ!

ಪಾಂಡವಪುರದ ಟೀಚರ್:
ಮಕ್ಕಳ ಕಾಪಿ ತಿದ್ದಿ ಮುಗಿಸಿ ಅರ್ಜಿ ಬರೆಯಲು ಕೂತಿದ್ದೇನೆ. ಎರಡನೇ ಸಾಲಿನಲ್ಲೇ ನಿಂತೆ. ಎಂಡೋಮೆಟ್ರಿಯೋಸಿಸ್‌ಗೆ ಕನ್ನಡದಲ್ಲಿ ಏನು ಬರೆಯಲಿ?

ಮಂಡ್ಯದ ವಕೀಲೆ:
ಹಾಗೇ ಬರೀರಿ, ಪಕ್ಕದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗೂ ಇರಲಿ. ಇಲ್ಲಾಂದ್ರೆ ಹೊಟ್ಟೆನೋವು ಅಂತ ತಿಳಕೊಂಡು ಇನ್ಯಾವುದೋ ಇಲಾಖೆಗೆ ಕಳಿಸಿಬಿಡ್ತಾರೆ.