ಪದಚರ್ಚೆ: ಕ್ಯಾಲೆಂಡರಿನ ‘ಟೆಂಟೇಟಿವ್’ಗೆ ‘ತಾತ್ಕಾಲಿಕ’ ಹೊಂದುತ್ತದೆಯೇ?

ಪ್ರಶ್ನೆ: ಇಮೇಲಿಗೆ ಬಂದ ಮೀಟಿಂಗ್ ಆಹ್ವಾನದಲ್ಲಿ ಆಕ್ಸೆಪ್ಟ್, ಟೆಂಟೇಟಿವ್, ಡಿಕ್ಲೈನ್ ಎಂಬ ಮೂರು ಬಟನ್‌ಗಳಿರುತ್ತವೆ. ಕ್ಯಾಲೆಂಡರ್ ತಂತ್ರಾಂಶವನ್ನು ಕನ್ನಡಿಸುವಾಗ ಇವಕ್ಕೆ ‘ಸ್ವೀಕರಿಸು, ತಾತ್ಕಾಲಿಕ, ತಿರಸ್ಕರಿಸು’ ಸಾಕೇ? ನಡುವಿನದಕ್ಕೆ ‘ಬರಬಹುದು’ ಎಂಬ ಸಲಹೆಯೂ ಇದೆ. ಯಾರಿಗೆ ಯಾವಾಗ ಬಿಡುವಿದೆ ಎಂದು ತೋರಿಸುವ ಫ್ರೀ/ಬ್ಯುಸಿಗೆ ಏನು ಹಾಕೋಣ?

ಉತ್ತರ: ‘ತಾತ್ಕಾಲಿಕ’ ಬೇಡ. ತಾತ್ಕಾಲಿಕ ನೌಕರ, ತಾತ್ಕಾಲಿಕ ಶೆಡ್ಡು ಎನ್ನುವಾಗ ನಾವು ಹೇಳುವುದು ಅವಧಿಯನ್ನು, ಇಲ್ಲಿರುವುದು ಅನುಮಾನ. ‘ಬರಬಹುದು’ ಅರ್ಧ ಸರಿ. ‘ಬಹುದು’ ಸಾಧ್ಯತೆಯನ್ನೂ ಹೇಳುತ್ತದೆ, ಅನುಮತಿಯನ್ನೂ ಹೇಳುತ್ತದೆ. ಕರೆದವರಿಗೆ ಕಾಣುವ ಪಟ್ಟಿಯಲ್ಲಿ ಹೆಸರಿನ ಮುಂದೆ ಅದು ಚೆನ್ನ. ಬಟನ್ ಮೇಲೆ ಮಾತ್ರ ‘ನೀವಿನ್ನು ಬರಬಹುದು’ ಎಂಬ ಅಪ್ಪಣೆಯಾಗಿಬಿಡುತ್ತದೆ! ‘ಖಚಿತವಿಲ್ಲ’ ಎರಡೂ ಕಡೆ ನಿಲ್ಲುತ್ತದೆ.

ನಿಜವಾದ ತೊಡಕು ಬೇರೆ. ಕ್ಯಾಲೆಂಡರ್ ತಂತ್ರಾಂಶಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಬಳಸುವ ಐಕ್ಯಾಲೆಂಡರ್ ಮಾನಕದಲ್ಲಿ (ಆರ್‌ಎಫ್‌ಸಿ 5545, 2009) ಟೆಂಟೇಟಿವ್ ಮೂರು ಕಡೆ ಬರುತ್ತದೆ. ಪಾರ್ಟ್‌ಸ್ಟ್ಯಾಟ್ (ಭಾಗವಹಿಸುವವರ ಸ್ಥಿತಿ) ಎಂಬಲ್ಲಿ ಅದು ಆಹ್ವಾನಿತರ ಉತ್ತರ. ಸ್ಟೇಟಸ್‌ನಲ್ಲಿ ಮೀಟಿಂಗ್ ನಡೆಯುವುದೇ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಅಲ್ಲಿ ‘ನಿಗದಿಯಾಗಿಲ್ಲ, ನಿಗದಿಯಾಗಿದೆ, ರದ್ದಾಗಿದೆ’ ಎಂಬ ಸರಣಿ ಒಪ್ಪುತ್ತದೆ. ಫ್ರೀ/ಬ್ಯುಸಿ ಪಟ್ಟಿಯಲ್ಲಿ ಅದು ಒಬ್ಬರ ಆ ಹೊತ್ತು ಬಹುಶಃ ಹಿಡಿದಿದೆ ಎಂಬ ಸೂಚನೆ. ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನಲ್ಲಿ ಅನುವಾದಿಸಬೇಕಾದ ಪ್ರತಿ ಸಾಲಿಗೂ ಪ್ರತ್ಯೇಕ ಗುರುತಿರುವುದರಿಂದ ಬೇರೆ ಬೇರೆ ಅನುವಾದ ಕೊಡಬಹುದು. ಎವಲ್ಯೂಷನ್ ಎಂಬ ಇನ್ನೊಂದು ಇಮೇಲ್ ತಂತ್ರಾಂಶದಂತೆ ಗೆಟ್‌ಟೆಕ್ಸ್ಟ್ ಎಂಬ ಅನುವಾದ ವ್ಯವಸ್ಥೆ ಬಳಸುವ ಕಡೆ, ಸಂದರ್ಭ ತಿಳಿಸುವ ಎಂಎಸ್‌ಜಿಸಿಟಿಎಕ್ಸ್‌ಟಿ (msgctxt) ಸಾಲು ಇಲ್ಲದೆ ಒಂದೇ ಪದ ಎರಡು ಬಾರಿ ಬಂದರೆ ಕಡತದಲ್ಲಿ ಅದು ಒಂದೇ ನಮೂದು. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಕೆಡುತ್ತದೆ. ಆಗ ಪದ ಹುಡುಕುತ್ತ ಕೂರುವ ಬದಲು, ಸಂದರ್ಭ ಸೇರಿಸಿಕೊಡಿ ಎಂದು ಡೆವಲಪರ್‌ಗಳಲ್ಲಿ ಬಗ್ ದಾಖಲಿಸುವುದೇ ದಾರಿ.

‘ತಿರಸ್ಕರಿಸು’ ತೀರಾ ಬಿರುಸು. ಕರೆದವರ ಮುಖಕ್ಕೆ ಯಾರೂ ಹಾಗೆ ಹೇಳುವುದಿಲ್ಲ. ‘ಬರಲಾಗದು’ ವಿನಯದ ಮಾತೇ, ಆದರೆ ಆಹ್ವಾನಿತರ ಪಟ್ಟಿಯಲ್ಲಿ ಕಾಯ್ದಿರಿಸಬೇಕಾದ ಸಭಾಕೊಠಡಿಯೂ ಇರಬಹುದು, ಕೊಠಡಿ ಎಲ್ಲಿಗೂ ಬರುವುದಿಲ್ಲ. ‘ಒಪ್ಪಿಗೆ, ಖಚಿತವಿಲ್ಲ, ಆಗದು’ ಎಂದರೆ ಲಿಂಗ, ವಚನ, ಪುರುಷ ಯಾವುದರ ಗೋಜೂ ಇಲ್ಲ. %s ಇದ್ದಲ್ಲಿ ಹೆಸರು ತುಂಬಿಕೊಳ್ಳುವ ಸಾಲಿನಲ್ಲೂ ‘%s ಅವರು ಒಪ್ಪಿದ್ದಾರೆ’ ಬೇಡ, ‘ಸಭಾಕೊಠಡಿ 2 ಅವರು’ ಒಪ್ಪಿಬಿಡುತ್ತಾರೆ. ‘ಒಪ್ಪಿಗೆ: %s’ ಸಾಕು. ವಿಭಕ್ತಿ ಪ್ರತ್ಯಯದ ತಾಪತ್ರಯವೂ ತಪ್ಪುತ್ತದೆ.

ಫ್ರೀ/ಬ್ಯುಸಿಗೆ ‘ಬಿಡುವಿದೆ/ಬಿಡುವಿಲ್ಲ’. ಕೊಠಡಿಗೆ ಪ್ರತ್ಯೇಕ ಸಾಲಿದ್ದರೆ ‘ಖಾಲಿ ಇದೆ/ಖಾಲಿ ಇಲ್ಲ’. ಯಂತ್ರಾನುವಾದ ‘ಫ್ರೀ’ಯನ್ನು ‘ಉಚಿತ’ ಮಾಡಿಟ್ಟಿದೆಯೇ ನೋಡಿಕೊಳ್ಳಿ. (ಫ್ರೀ ಸಾಫ್ಟ್‌ವೇರ್ ಎಂದರೆ ‘ಉಚಿತ’ವಲ್ಲ, ‘ಸ್ವತಂತ್ರ’ ಎಂದು ಹೇಳುತ್ತಲೇ ಇರುವ ಸ್ವತಂತ್ರ ತಂತ್ರಾಂಶದವರನ್ನು ಈ ಪದ ಇಲ್ಲೂ ಬಿಡಲಿಲ್ಲ.)

ಕೊನೆಗೆ ನಿಮ್ಮದೇ ಎರಡು ಖಾತೆಗಳ ನಡುವೆ ಆಹ್ವಾನ ಕಳಿಸಿ, ‘ಖಚಿತವಿಲ್ಲ’ ಒತ್ತಿ, ಕಳಿಸಿದ ಖಾತೆಯ ಪಟ್ಟಿಯಲ್ಲಿ ಏನು ಕಾಣುತ್ತದೆಂದು ನೋಡಿ. ಇನ್ನೂ ಉತ್ತರಿಸದವರ ಮುಂದೆಯೂ ಅದೇ ಪದವಿದ್ದರೆ, ಉತ್ತರ ಬಾಕಿಯಿದೆ ಎನ್ನುವ ನೀಡ್ಸ್-ಆ್ಯಕ್ಷನ್‌ನ ಅನುವಾದ ತಪ್ಪಿದೆ; ಅದು ‘ಉತ್ತರ ಬಂದಿಲ್ಲ’ ಎಂದಿರಬೇಕು.