ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್: ಸೌರ ವಿದ್ಯುತ್, ಹೊಸ ಯಂತ್ರ, ಸೆನ್ಸರ್ – ಮೊದಲು ಯಾವುದಕ್ಕೆ ಹಣ ಹಾಕಬೇಕು?

ಪ್ರಶ್ನೆ (ಕೋಲ್ಡ್ ಸ್ಟೋರೇಜ್ ಮಾಲೀಕರು, ಹಾವೇರಿ ಜಿಲ್ಲೆ)

ಬ್ಯಾಡಗಿ ಸಮೀಪ ನಮ್ಮ ಕುಟುಂಬದ ಕೋಲ್ಡ್ ಸ್ಟೋರೇಜ್ ಇದೆ. ಒಣಮೆಣಸಿನಕಾಯಿ ಚೀಲಗಳೇ ನಮ್ಮ ಮುಖ್ಯ ಮಾಲು. ಹಂಗಾಮಿನಲ್ಲಿ ಕೊಠಡಿಗಳನ್ನು ತುಂಬಿಸಿ, ದರ ನೋಡಿಕೊಂಡು ಹಂತಹಂತವಾಗಿ ಹೊರತೆಗೆಯುವುದು ಇಲ್ಲಿನ ರೂಢಿ. ಕಟ್ಟಡ ಹಳೆಯದು, ಗೋಡೆಗಳಿಗೆ ಥರ್ಮಾಕೋಲ್ ಹೊದಿಕೆಯಿದೆ, ಯಂತ್ರ ಅಮೋನಿಯಾ ಅನಿಲದಿಂದ ತಂಪು ಮಾಡುವಂಥದ್ದು. ವಿದ್ಯುತ್ ಬಿಲ್ಲಿನ ಹೊರೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಚಾವಣಿಗೆ ಸೌರಫಲಕ ಹಾಕಿಸಿ ಎಂದು ಒಬ್ಬರು, ಅಮೋನಿಯಾ ಬಿಟ್ಟು ಫ್ರಿಯಾನ್ ಮಾದರಿಯ ಯಂತ್ರಕ್ಕೆ ಬನ್ನಿ ಎಂದು ಇನ್ನೊಬ್ಬರು, ಕೊಠಡಿಗಳಿಗೆ ಸೆನ್ಸರ್ ಅಳವಡಿಸಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಎಲ್ಲವನ್ನೂ ಒಟ್ಟಿಗೆ ಮಾಡುವಷ್ಟು ಬಂಡವಾಳ ನಮ್ಮಲ್ಲಿಲ್ಲ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ 1 (ಶೈತ್ಯೀಕರಣ ಎಂಜಿನಿಯರ್)

ಸರ್, ಮೊದಲು ಗೋಡೆ ಮತ್ತು ಬಾಗಿಲು ನೋಡಿಸಿ. ಹಳೆಯ ಥರ್ಮಾಕೋಲಿನ ಹಿಂದಿರುವ ತೇವಾಂಶ ತಡೆಯುವ ಪದರ ಹರಿದರೆ ಹೊರಗಿನ ಆವಿ ಒಳನುಗ್ಗಿ ಹೊದಿಕೆ ನೆನೆಯುತ್ತದೆ. ನೆನೆದ ಹೊದಿಕೆ ಶಾಖವನ್ನು ತಡೆಯುವುದಿಲ್ಲ. ಮಳೆಗಾಲದ ಬೆಳಗ್ಗೆ ಹೊರಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದಾಗ ಎಲ್ಲಿ ಅದು ತಣ್ಣಗಿದ್ದು ಬೆವರಿರುತ್ತದೆಯೋ ಅಲ್ಲಿ ಹೊದಿಕೆ ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಚೀಲ ಏರಿಸುವಾಗ ಹಮಾಲರು ಬಾಗಿಲನ್ನು ತೆರೆದೇ ಇಡಬೇಕಾಗುವುದರಿಂದ ಪಟ್ಟಿ ಪರದೆ ಮತ್ತು ಬಾಗಿಲಿನ ರಬ್ಬರ್ ಅಂಚು ಸುಸ್ಥಿತಿಯಲ್ಲಿರಲೇಬೇಕು. ಮಾಲು ಖಾಲಿಯಾಗುವ ಕೊಠಡಿಯಿಂದಲೇ ದುರಸ್ತಿ ಆರಂಭಿಸಿದರೆ ವ್ಯವಹಾರಕ್ಕೂ ತೊಂದರೆಯಾಗದು.

ಅಮೋನಿಯಾವನ್ನು ದಯವಿಟ್ಟು ಬಿಡಬೇಡಿ. ಅದು ಓಝೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಭೂತಾಪವನ್ನೂ ಹೆಚ್ಚಿಸುವುದಿಲ್ಲ. ಅದೇ ಫ್ರಿಯಾನ್ ಮಾದರಿಯ ಯಂತ್ರಗಳಲ್ಲಿ ಬಳಸುವ ಆರ್-404ಎ ಎಂಬ ಅನಿಲದ ಒಂದು ಕಿಲೊ ಸೋರಿದರೂ ಅದು ಸುಮಾರು 3,900 ಕಿಲೊ ಇಂಗಾಲದ ಡೈಆಕ್ಸೈಡ್‌ಗೆ ಸಮ. 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದ್ದು, ಅದರಂತೆ ಇಂತಹ ಅನಿಲಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸಿ 2047ರೊಳಗೆ ಶೇ 85ರಷ್ಟು ಕಡಿಮೆ ಮಾಡಬೇಕಿದೆ. ಇಂದು ಆ ಯಂತ್ರ ಕೊಂಡವರಿಗೆ ಮುಂದೆ ಅನಿಲ ಸಿಗುವುದೇ ಕಷ್ಟವಾದೀತು. ಆದರೆ ಅಮೋನಿಯಾ ವಿಷಕಾರಿ. ಸೋರಿಕೆ ಪತ್ತೆ ಸಾಧನ, ಉಸಿರಾಟದ ಮುಖವಾಡ ಮತ್ತು ತರಬೇತಿ ಪಡೆದ ಸಿಬ್ಬಂದಿಯ ವಿಷಯದಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬಾರದು.

ಉತ್ತರ 2 (ಸೌರ ವಿದ್ಯುತ್ ಗುತ್ತಿಗೆದಾರರು, ಹುಬ್ಬಳ್ಳಿ)

ನಾನು ಸೌರಫಲಕ ಮಾರುವವನಾದರೂ ಮೇಲಿನ ಮಾತನ್ನು ಒಪ್ಪುತ್ತೇನೆ. ದುರಸ್ತಿಗೆ ಮೊದಲೇ ಲೆಕ್ಕ ಹಾಕಿದರೆ ಅಗತ್ಯಕ್ಕಿಂತ ದೊಡ್ಡ ಘಟಕ ಕೊಳ್ಳಬೇಕಾಗುತ್ತದೆ. ನಮ್ಮ ಭಾಗದಲ್ಲಿ ಒಂದು ಕಿಲೊವಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ, ಸುಮಾರು 100 ಚದರ ಅಡಿ ಚಾವಣಿ ಬೇಕು. ತಗಡಿನ ಚಾವಣಿಯಾದರೆ ಕೈಮರ ಆ ಭಾರ ಹೊರಬಲ್ಲದೇ ಎಂದು ಪರೀಕ್ಷಿಸಿಯೇ ಮುಂದುವರಿಯಿರಿ.

ನಿಮ್ಮ ವ್ಯವಹಾರಕ್ಕೆ ಒಂದು ಅನುಕೂಲವಿದೆ. ಹೊಸ ಮಾಲನ್ನು ತಣಿಸುವ ಹೊರೆ ಹೆಚ್ಚಿರುವುದು ಮಾರ್ಚ್‌ನಿಂದ ಮೇವರೆಗೆ, ಬಿಸಿಲೂ ಆಗಲೇ ಹೆಚ್ಚು. ಹಗಲಿನಲ್ಲಿ ಯಂತ್ರವನ್ನು ಪೂರ್ಣ ನಡೆಸಿ ಕೊಠಡಿಯ ಉಷ್ಣಾಂಶವನ್ನು ಒಂದೆರಡು ಡಿಗ್ರಿ ಹೆಚ್ಚಾಗಿಯೇ ಇಳಿಸಿಟ್ಟರೆ, ಸಾವಿರಾರು ಚೀಲಗಳು ಆ ತಂಪನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಂಜೆಯ ನಂತರ ಯಂತ್ರಕ್ಕೆ ಬಿಡುವು ಸಿಗುತ್ತದೆ. ದುಬಾರಿ ಬ್ಯಾಟರಿಯ ಅಗತ್ಯವೇ ಬೀಳದು. ಈ ಏರಿಳಿತ ಒಂದೆರಡು ಡಿಗ್ರಿ ಮೀರಬಾರದು. ಮೆಣಸಿನಕಾಯಿ ಅಂಗಳದ ಧೂಳು ಫಲಕದ ಮೇಲೆ ಬೇಗ ಕೂರುತ್ತದೆ, ತೊಳೆಯುವ ವ್ಯವಸ್ಥೆಯನ್ನು ಈಗಲೇ ಯೋಚಿಸಿ.

ಉತ್ತರ 3 (ಮೆಣಸಿನಕಾಯಿ ಬೆಳೆಗಾರರು)

ಮಾಲು ಇಡುವವರ ಕಡೆಯಿಂದಲೂ ಒಂದು ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಬಣ್ಣ ಮಾಸದಿರಲೆಂದೇ ನಾವು ಬಾಡಿಗೆ ಕೊಟ್ಟು ಚೀಲ ಇಡುತ್ತೇವೆ. ಆದ್ದರಿಂದ ಸೆನ್ಸರನ್ನು ಕೊನೆಗೆ ತಳ್ಳಬೇಡಿ, ಮೂರರಲ್ಲಿ ಅದೇ ಅಗ್ಗದ್ದು. ಉಷ್ಣಾಂಶ ಮತ್ತು ತೇವಾಂಶದ ದಾಖಲೆ ನಮ್ಮ ಕೈಗೆ ಸಿಕ್ಕರೆ ಖರೀದಿದಾರರ ಮುಂದೆ ಅದನ್ನೇ ತೋರಿಸಬಹುದು. ಮಳೆಗಾಲದಲ್ಲಿ ತಣ್ಣನೆಯ ಚೀಲವನ್ನು ನೇರವಾಗಿ ಹೊರಗಿಟ್ಟರೆ ಇಬ್ಬನಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ನಡುವೆ ಸ್ವಲ್ಪ ಹೊತ್ತು ಇರಿಸಲು ಒಂದು ಮುಂಗೋಣೆ ಮಾಡಿಸಿದರೆ ದೊಡ್ಡ ಉಪಕಾರವಾಗುತ್ತದೆ.

ನಿಮ್ಮ ಗೋದಾಮು ಕೇಂದ್ರ ಸರ್ಕಾರದ ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾದರೆ ನೀವು ಕೊಡುವ ಎಲೆಕ್ಟ್ರಾನಿಕ್ ರಸೀದಿಯ ಆಧಾರದ ಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು, ದರ ಬಿದ್ದಾಗ ಅವಸರದಲ್ಲಿ ಮಾರುವ ಗತಿ ನಮಗೆ ಬರುವುದಿಲ್ಲ. ದುರಸ್ತಿಯ ಸಾಲಕ್ಕೆ 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯ ಶೇ 3ರ ಬಡ್ಡಿ ರಿಯಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.